ಬೀದಿಗೊಂದೇ ಹೆಲ್ಮೆಟ್

ಸರ್ಕಾರ ಹೆಲ್ಮೆಟ್ ಕಡ್ಡಾಯ ಮಾಡಿದ ವರ್ಷ ಒಂಟಿಕೊಪ್ಪಲ್‌ನ ಸಿದ್ದಮಲ್ಲಪ್ಪನವರ ಬೀದಿಗೆಲ್ಲ ತಲೆನೋವು ಬಂತು. ತಲೆಗೊಂದು ಕೊಳ್ಳಲು ಯಾರಿಗೂ ಮನಸ್ಸಿಲ್ಲ. ಕೊನೆಗೆ ಅದೇ ಬೀದಿಯ ಮೂಗಯ್ಯನ ಕೆಂಪು ಹೆಲ್ಮೆಟ್ಟೇ ಊರೊಟ್ಟಿನ ಆಸ್ತಿಯಾಯಿತು. ಸರ್ಕಲ್ಲಿಗೆ ಮುಂಚೆ ರೇವಣಸಿದ್ದನ ಬೀಡಾ ಅಂಗಡಿಯಲ್ಲಿ ತಲೆಗೇರಿಸುವುದು. ಪೊಲೀಸರನ್ನು ದಾಟಿದ ಮೇಲೆ ಆಚೆಯ ಸೈಕಲ್ ಶಾಪಿನಲ್ಲಿ ಇಳಿಸುವುದು. ವಾಪಸು ಬರುವವರು ಅಲ್ಲಿಂದ ಹೊತ್ತು ತರುವುದು. ಆಯುಧಪೂಜೆಗೆ ಪೇಂಟಿನಲ್ಲೇ ಎಳೆಸಿದ ವಿಭೂತಿ ಪಟ್ಟೆ ಹೊತ್ತು ಅದು ಸಿಟಿ ಬಸ್ಸಿಗಿಂತ ಹೆಚ್ಚು ಟ್ರಿಪ್ಪು ಹೊಡೆಯುತ್ತಿತ್ತು.

ಒಂದು ಸಂಜೆ ಸಿದ್ದಮಲ್ಲಪ್ಪನವರ ಮನೆಗೆ ಅವರ ತಮ್ಮನ ಮಗಳು ನಿಶ್ಚಿತಾ ಬಂದಳು. ಹೆಲ್ಮೆಟ್ ಅಭಿಯಾನದಿಂದ ಜನ ಬದಲಾದರೋ ಇಲ್ಲವೋ ಎಂದು ಸರ್ಕಾರಕ್ಕೆ ವರದಿ ಕೊಡುವ ಕೆಲಸ ಅವಳದು. ಬೆಳಗ್ಗೆಯೆಲ್ಲ ಸರ್ಕಲ್ಲಿನಲ್ಲಿ ನಿಂತು ಹೆಲ್ಮೆಟ್ ಹಾಕಿದ ತಲೆಗಳನ್ನು ಎಣಿಸಿದ್ದಳು.

"ದೊಡ್ಡಪ್ಪ, ಆ ವಿಭೂತಿ ಹೆಲ್ಮೆಟ್ಟು ನಿಮ್ದಾ?"

"ನಂದೇ ಕಣಮ್ಮ!"

"ಹಂಗಾದ್ರೆ ಪಕ್ಕದ್ಮನೆ ರಾಮಸ್ವಾಮಿ ಮಾವನ ತಲೆ ಮೇಲೂ ಅದೇ ಯಾಕಿತ್ತು?"

ಸಿದ್ದಮಲ್ಲಪ್ಪನವರಿಗೆ ಕಾಫಿ ನೆತ್ತಿಗೇರಿತು. "ಹೋಗ್ಲಿ ಬುಡು ಮಗಾ. ಎಲ್ರೂ ಹಾಕ್ಕೋತಾರೆ, ಅಭಿಯಾನ ಗೆದ್ಬುಡ್ತು ಅಂತ ಬರಿ. ಸರ್ಕಾರಕ್ಕೂ ಖುಷಿ, ನಿಂಗೂ ಖುಷಿ."

"ಬರೀಬೋದು. ಸರ್ಕಲ್ ದಾಟಿ ನೀವು ದಿನಾ ಕೆಲಸಕ್ಕೋಗೋ, ಪೊಲೀಸ್ರೇ ಇಲ್ಲದ ಇಲವಾಲದ ರೋಡಲ್ಲಿ ಲಾರಿ ಅಡ್ಡ ಬಂದ್ರೆ ಆ ವರದಿನ ತಲೆ ಮೇಲೆ ಇಟ್ಕೋತೀರಾ?"

ಅಡುಗೆಮನೆಯಿಂದ ಹೆಂಡತಿ ಪ್ರೇಮಲೀಲಾ ಸೌಟು ಸಮೇತ ಬಂದರು. "ಅಲ್ಲಾ ಕಣ್ರೀ, ಇಲವಾಲದ ತಂಕ ಬರೀ ತಲೇಲಿ ಹೋಗ್ತೀರಾ? ಹಾಕ್ಕೊಂಡೇ ಹೋಗ್ತೀನಿ ಅಂದಿದ್ರಲ್ಲ!"

"ಹಾಕ್ಕೊಂಡೇ ಹೋಗ್ತೀನಿ ಕಣೇ... ಸರ್ಕಲ್ ತಂಕ."

ಆ ದಿನ ಕೊನೆಗೆ ವಾಪಸು ಬಂದವರು ಸಿದ್ದಮಲ್ಲಪ್ಪನವರೇ, ಹಾಗಾಗಿ ಹೆಲ್ಮೆಟ್ ಮನೆಯಲ್ಲಿತ್ತು. ನಿಶ್ಚಿತಾ ಅದನ್ನು ದೊಡ್ಡಪ್ಪನ ತಲೆಗಿಟ್ಟು ಬಕಲ್ ಹಾಕಿದಳು. "ಈಗ ಬಲಕ್ಕೆ ತಿರುಗಿ."

ದೊಡ್ಡಪ್ಪ ತಿರುಗಿದರು. ಹೆಲ್ಮೆಟ್ ತಿರುಗಲಿಲ್ಲ. ಮೂಗಯ್ಯನ ತಲೆ ಕುಂಬಳಕಾಯಿ, ಇವರದು ನಿಂಬೆಹಣ್ಣು. ಒಳಗಿಂದ ದನಿ ಬಂತು: "ಕರೆಂಟ್ ಹೋಯ್ತೇನಮ್ಮ?"

ಪ್ರೇಮಲೀಲಾ ನಗುತ್ತಲೇ ಎಳೆದರು. ಹಾಕಿದ ಬಕಲ್ ಹಾಕಿದಂತೆಯೇ ಹೆಲ್ಮೆಟ್ ಕೈಗೆ ಬಂದುಬಿಟ್ಟಿತು. ಅವರ ನಗು ಅಲ್ಲೇ ನಿಂತಿತು.

"ಬಿದ್ರೆ ಇದೊಂದ್ಕಡೆ, ನೀವೊಂದ್ಕಡೆ. ಪೊಲೀಸ್ರು ಫೈನ್ ಹಾಕ್ದೆ ಬುಟ್ಬುಡ್ತಾರೆ, ಸರಿ. ನಾನು ನಿಮ್ಮನ್ನ ಎಲ್ಲಿಂದ ತರ್ಲಿ?"

ಸಿದ್ದಮಲ್ಲಪ್ಪನವರು ಹೆಂಡತಿಯ ಕೈಯಿಂದ ಹೆಲ್ಮೆಟ್ ತೆಗೆದು ಕೆಳಗಿಟ್ಟರು. ಮೆಲ್ಲಗೆ ಚಪ್ಪಲಿ ಮೆಟ್ಟಿದರು. "ನಡಿ ಪ್ರೇಮಾ, ಅಂಗಡಿ ಮುಚ್ಚೋಕೆ ಮುಂಚೆ ನನ್ನ ತಲೆ ಅಳತೇದು ತಂದ್ಬುಡೋಣ. ನಿಶ್ಚಿತಾ, ನೀನು ನಾಳೆ ಇಲವಾಲದ ರೋಡಲ್ಲಿ ನಿಂತು ಎಣಿಸಮ್ಮ. ಅಲ್ಲಿ ನಾನೊಬ್ನಾದ್ರೂ ಸಿಗ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಅಭಿಯಾನ ಗೆದ್ದಿತೋ ಸೋತಿತೋ ಎಂಬುದು ಗೊತ್ತಾಗುವುದು ಪೊಲೀಸರಿಲ್ಲದ ರಸ್ತೆಯಲ್ಲಿ. ಎಣಿಸುವವರು ಬಂದರೆ ನಿಜ ಹೇಳಿ. ನಿಮ್ಮ ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್ ಕೊಳ್ಳಿ, ಬಕಲ್ ಹಾಕಿ, ಹೋದ ಜಾಗ ಮುಟ್ಟುವ ತನಕ ತೆಗೆಯಬೇಡಿ. ಪಕ್ಕದ ಮನೆಯಲ್ಲಿ ಸಕ್ಕರೆ ಕೇಳಿ, ಹೆಪ್ಪು ಕೇಳಿ; ಹೆಲ್ಮೆಟ್ ಮಾತ್ರ ಕೇಳಬೇಡಿ.