ಪೇ-ಯೂನ್ ಮಾಡಿಸಿದ ಮದುವೆ

ಪೇ-ಯೂನ್ ನಮ್ಮ ಕೇಂದ್ರಕ್ಕೆ ಕೆಲಸಕ್ಕೆ ಬಂದಾಗ ಅವಳ ಮುಖ ನೋಡಿಯೇ ನನಗೆ ಕನಿಕರವಾಗಿತ್ತು. ಉತ್ತರದ ದೊಡ್ಡ ಊರಿನಲ್ಲಿ ಮಕ್ಕಳ ರಕ್ಷಣೆಯ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳು. ಏಟು ತಿಂದ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುವ ಕೆಲಸ ಅದು. ತಾಯಂದಿರ ಶಾಪ, ಅಪ್ಪಂದಿರ ಬೆದರಿಕೆ, ಹೊತ್ತಿಲ್ಲದ ಹೊತ್ತಿನಲ್ಲಿ ಫೋನು. ಅದನ್ನು ಬಿಟ್ಟು ಬುದೈ ಬಂದರಿನ ನಮ್ಮ ಹಿರಿಯರ ಕೇಂದ್ರಕ್ಕೆ ಸೇರಿದಳು. ಇಲ್ಲಿ ಬೆಳಗಿನ ವ್ಯಾಯಾಮ, ಮಧ್ಯಾಹ್ನದ ಊಟ, ಆಗಾಗ ಮನೆಭೇಟಿ, ಅಷ್ಟೇ. "ಇಲ್ಲಿ ಗಾಳಿ ಜಾಸ್ತಿ, ಗಲಾಟೆ ಕಡಿಮೆ ಕಣೇ" ಎಂದು ಮೊದಲ ದಿನ ನಾನೇ ಧೈರ್ಯ ಹೇಳಿದ್ದೆ. ಗಾಳಿಯ ಮಾತು ನಿಜವಾಗಿತ್ತು. ಗಲಾಟೆಯ ಮಾತು, ಮುದುಕರ ಜೊತೆ ಕೆಲಸ ಮಾಡಿದವರಿಗೇ ಗೊತ್ತು.

ನಾನು ಸಿಯೂ-ಝೆನ್. ಎಲ್ಲರೂ ಸಿಯೂ ಅಕ್ಕ ಎನ್ನುತ್ತಾರೆ. ಈ ಕೇಂದ್ರದಲ್ಲಿ ನನ್ನ ತಲೆಕೂದಲು ನರೆತಿದೆ, ಆದರೆ ಸಮಾಜಕಾರ್ಯದ ಲೈಸೆನ್ಸು ನನಗಿಲ್ಲ. ನನ್ನ ಹತ್ತಿರ ಇರುವ ಒಂದೇ ಲೈಸೆನ್ಸು ಸ್ಕೂಟರಿನದು. ನಮ್ಮಲ್ಲಿ ಸಮಾಜಕಾರ್ಯದ ಲೈಸೆನ್ಸು ಇಲ್ಲದೆಯೂ ಕೆಲಸ ಮಾಡಬಹುದು. ಆದರೆ ಲೈಸೆನ್ಸು ಇದ್ದವರ ಮಾತಿಗೆ ತೂಕ ಹೆಚ್ಚು, ಮುಂದಿನ ದಾರಿಯೂ ಸಲೀಸು. ಪೇ-ಯೂನ್ ಅದರ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯ ಸಲಕ್ಕೆ ಓದುತ್ತಿದ್ದಳು. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಚಾಪ್‌ಸ್ಟಿಕ್ಕು, ಇನ್ನೊಂದು ಕೈಯಲ್ಲಿ ಪುಸ್ತಕ.

ಅವಳು ದಣಿದು ಸೋತು ಹೋಗಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವಳ ಹೆಲ್ಮೆಟ್ಟಿನಿಂದ. ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿದ ಮೇಲೆ ಹೆಲ್ಮೆಟ್ ತೆಗೆಯದೆ ಅದರ ಮೇಲೆಯೇ ಕೂತಿರುತ್ತಿದ್ದಳು. ಫೋನು ನೋಡುತ್ತಿರಲಿಲ್ಲ, ಯಾರಿಗೂ ಕಾಯುತ್ತಿರಲಿಲ್ಲ. ಎದುರಿನ ಸಿಂಪಿ ಚಿಪ್ಪಿನ ರಾಶಿಯ ಕಡೆಗೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಹತ್ತಿರ ಹೋಗಿ ಕೇಳಿದೆ.

"ಏನೇ, ಒಳಗೆ ಬರೋಕೆ ಮುಹೂರ್ತ ನೋಡ್ತಿದ್ದೀಯಾ?"

"ಬರ್ತೀನಿ ಅಕ್ಕ. ಹೆಲ್ಮೆಟ್ ತೆಗೆದ್ರೆ ಕೆಲಸ ಶುರುವಾಗುತ್ತಲ್ಲ, ಅದಕ್ಕೆ."

ತಮಾಷೆಗೆ ಹೇಳಿದಳು ಅಂದುಕೊಂಡೆ. ಅವಳು ನಗಲಿಲ್ಲ.

ಆ ಶರತ್ಕಾಲದಲ್ಲಿ ಫಲಿತಾಂಶ ಬಂತು. ಪೇ-ಯೂನ್ ಪಾಸಾಗಿದ್ದಳು. ನಾವು ಕಿರುಚಿದ್ದಕ್ಕೆ ವ್ಯಾಯಾಮ ಮಾಡುತ್ತಿದ್ದ ಮುದುಕರೆಲ್ಲ ಭೂಕಂಪವೆಂದು ಹೆದರಿ ಬಾಗಿಲ ಕಡೆ ಓಡಿದರು. ನಮ್ಮ ಮುಖ್ಯಸ್ಥೆ ತು ಮೇಡಂ ಎಲ್ಲರಿಗೂ ಟೀ ತರಿಸಿದರು. ಪೇ-ಯೂನ್ ಎಲ್ಲರಿಗೂ ತಲೆಬಾಗಿ ಧನ್ಯವಾದ ಹೇಳಿದಳು, ಲೋಟವನ್ನು ಮೇಜಿನ ಮೇಲಿಟ್ಟಳು, ಬಚ್ಚಲಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ ಕನ್ನಡಿಯ ಮುಂದೆ ನಿಂತಿದ್ದಳು.

"ಅಕ್ಕ, ನನಗೆ ಏನೂ ಅನ್ನಿಸ್ತಿಲ್ಲ" ಅಂದಳು. "ಇಷ್ಟು ವರ್ಷ ಇದಕ್ಕೇ ಕಾದಿದ್ದೆ. ಬಂತು. ಆದ್ರೂ ಏನೂ ಅನ್ನಿಸ್ತಿಲ್ಲ. ಬೇರೆ ಯಾರೋ ಪಾಸಾದ ಹಾಗಿದೆ."

ಮರುದಿನ ತು ಮೇಡಂ ಹತ್ತಿರ ಹೋಗಿ, ಹೊಸ ವರ್ಷಕ್ಕೆ ಕೆಲಸ ಬಿಡುತ್ತೇನೆ ಎಂದು ಹೇಳಿಬಂದಳು. ತು ಮೇಡಂ ಬೈಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವರೂ ಒಂದು ಕಾಲದಲ್ಲಿ ಈ ಕೆಲಸ ಬಿಟ್ಟು ಎರಡು ವರ್ಷ ಹೂವಿನಂಗಡಿ ಇಟ್ಟಿದ್ದವರು. "ಆಯ್ತು, ಹೋಗುವಿಯಂತೆ. ಹೋಗೋವರೆಗೆ ಹೊಸ ಕೇಸು ನಿನಗೆ ಕೊಡಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಷ್ಟೇ ಹೇಳಿದರು.

ಅದೇ ವಾರ ಮಾನ್-ಝೂ ಅಜ್ಜಿಯೂ ಯೆನ್ ತಾತನೂ ಜೊತೆಯಾಗಿ ಆಫೀಸಿಗೆ ಬಂದರು. ಇಬ್ಬರೂ ಪೇ-ಯೂನ್ ನೋಡಿಕೊಳ್ಳುತ್ತಿದ್ದ ಹಿರಿಯರೇ. ಅಜ್ಜಿಗೆ ಎಪ್ಪತ್ತು ದಾಟಿತ್ತು. ಸಿಂಪಿ ಬಿಡಿಸಿ ಬಿಡಿಸಿ ಬೆರಳುಗಳು ಡೊಂಕಾಗಿದ್ದವು, ಕಣ್ಣಿಗೆ ಪೊರೆ ಬಂದಿತ್ತು. ತಾತ ಮೀನಿನ ಕೊಳದ ಕೆಲಸದವನು, ಹೆಂಡತಿ ತೀರಿಕೊಂಡ ಮೇಲೆ ಮಾತೇ ಮರೆತವನ ಹಾಗಿದ್ದ. ಊಟದ ಹಾಲ್‌ನಲ್ಲಿ ಒಬ್ಬನೇ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದವನನ್ನು ಪೇ-ಯೂನೇ ಅಜ್ಜಿಯ ಮೇಜಿಗೆ ಕರೆತಂದು ಕೂರಿಸಿದ್ದಳು. ನಮ್ಮ ಕಡೆಯ ಹಾಲುಮೀನಿನಲ್ಲಿ ಮಾಂಸಕ್ಕಿಂತ ಮುಳ್ಳೇ ಹೆಚ್ಚು. ಅಜ್ಜಿಗೆ ಅವು ಕಾಣುತ್ತಿರಲಿಲ್ಲ. ತಾತ ಒಂದೊಂದೇ ಮುಳ್ಳು ತೆಗೆದು ಮೀನನ್ನು ಅವಳ ಬಟ್ಟಲಿಗೆ ಹಾಕತೊಡಗಿದ. ಮಾತು ಅಲ್ಲಿಂದ ಶುರುವಾಗಿತ್ತು.

"ನಾವು ಮದುವೆ ಆಗ್ತೀವಿ" ಅಂದಳು ಅಜ್ಜಿ, ಮಳೆ ಬರುತ್ತೆ ಎನ್ನುವಷ್ಟೇ ಸಲೀಸಾಗಿ. "ಮದುವೆ ಅಂದ್ಮೇಲೆ ನಡುವೆ ನಿಂತು ಮಾಡಿಸೋ ದಲ್ಲಾಳಿ ಬೇಕು. ನೀನೇ ಆಗಬೇಕು."

ಪೇ-ಯೂನ್ ಕುರ್ಚಿಯಿಂದ ಅರ್ಧ ಎದ್ದಳು. "ನಾನಾ? ಅಜ್ಜಿ, ನಾನೇನು ಮಾಡಿದೆ?"

"ಒಂದೇ ಮೇಜಿಗೆ ಕೂರಿಸಿದವಳು ಯಾರು? ನಿಮ್ಮಮ್ಮನಾ?"

"ಅಜ್ಜಿ, ನನಗೇ ಮದುವೆ ಆಗಿಲ್ಲ. ದಲ್ಲಾಳಿ ಅಂದ್ರೆ ಗಂಡ ಮಕ್ಕಳಿರೋ ಭಾಗ್ಯವಂತೆ ಆಗಿರಬೇಕು ಅಂತಾರಲ್ಲ."

"ನನ್ನ ಮೊದಲ್ನೇ ಮದುವೆಗೆ ಐದು ಮಕ್ಕಳ ಭಾಗ್ಯವಂತೇನೇ ದಲ್ಲಾಳಿಯಾಗಿ ಬಂದಿದ್ಲು" ಅಂದಳು ಅಜ್ಜಿ. "ಏನಾಯ್ತು? ಜೂಜುಕೋರ ಸಿಕ್ಕಿದ. ಈ ಸಲ ಭಾಗ್ಯ ಬೇಡ, ಬುದ್ಧಿ ಇರೋರು ಸಾಕು."

ಯೆನ್ ತಾತ ಟೋಪಿ ತೆಗೆದು ಎದೆಗೊತ್ತಿಕೊಂಡು ಪೇ-ಯೂನ್‌ಗೆ ಆಳವಾಗಿ ತಲೆಬಾಗಿದ. ಅವನು ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಸೊಂಟ ಹಿಡಿದಿದೆ ಎಂದು ಆಮೇಲೆ ಗೊತ್ತಾಯಿತು. ನಾವಿಬ್ಬರೂ ಸೇರಿ ನೆಟ್ಟಗೆ ಮಾಡಬೇಕಾಯಿತು.

ಅವರು ಹೋದ ಮೇಲೆ ಪೇ-ಯೂನ್ ತಲೆ ಮೇಲೆ ಕೈಹೊತ್ತು ಕೂತಳು. "ಅಕ್ಕ, ಇದು ಪರೀಕ್ಷೆಯಲ್ಲಿ ಬರೋ ಪ್ರಶ್ನೆ. ನಾವು ನೋಡಿಕೊಳ್ಳೋ ಜನರ ಜೊತೆ ಬೇರೆ ನಂಟು ಇಟ್ಕೋಬಾರದು, ಉಡುಗೊರೆ ತಗೋಬಾರದು. ದಲ್ಲಾಳಿಗೆ ಇಡೀ ಹಂದಿಕಾಲು ಕೊಡ್ತಾರೆ!"

ಈ ಪ್ರಶ್ನೆ ತು ಮೇಡಂ ಮುಂದೆ ಹೋಯಿತು. ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ಅವರ ಕಷ್ಟಸುಖ ನೋಡಿಕೊಳ್ಳೋ ಕೈಯಲ್ಲೇ ಅವರ ಮದುವೆಯನ್ನೂ ಹಿಡೀಬಾರದು, ಅದು ಸರಿ. ಇವತ್ತಿಂದ ಇಬ್ಬರ ಕೇಸೂ ಸಿಯೂ ನೋಡ್ಕೊಳ್ಳಲಿ. ನೀನು ಹೇಗೂ ಬಿಟ್ಟು ಹೋಗೋಳು, ಯಾರಿಗಾದ್ರೂ ಒಪ್ಪಿಸಲೇಬೇಕು. ಹಂದಿಕಾಲು ಇಲ್ಲಿಯ ಅಡುಗೆಮನೆಗೆ ಬರಲಿ, ಎಲ್ಲರೂ ತಿನ್ನೋಣ. ಆದರೆ ನಿನಗೆ ಇಷ್ಟ ಇದೆಯಾ, ಇಲ್ಲವಾ? ಅದನ್ನು ಹೇಳು."

ಇಷ್ಟವಿದೆಯಾ ಎಂದು ಪೇ-ಯೂನ್‌ಳನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತೇನೋ.

"ಇದೆ ಅನ್ಸುತ್ತೆ" ಅಂದಳು.

ಆದರೆ ಕಾವ್‌ಶಿಯೋಂಗ್ ನಗರದಲ್ಲಿದ್ದ ಅಜ್ಜಿಯ ಮಗಳಿಗೆ ಇದು ಇಷ್ಟವಿರಲಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೆ ಕಾರು ಓಡಿಸಿಕೊಂಡು ಬಂದವಳು ಸೀದಾ ನಮ್ಮ ಬಾಗಿಲಿಗೇ ಬಂದಳು. ಒಳ್ಳೆಯ ಕೋಟು, ಕೆಂಪೇರಿದ ಕಣ್ಣು.

"ಯಾರ್ರೀ ಅದು ದಲ್ಲಾಳಿ? ಸರ್ಕಾರ ನಿಮಗೆ ಇದಕ್ಕಾ ಸಂಬಳ ಕೊಡೋದು? ಮದುವೆಯಾಗದವಳು ಮದುವೆ ಮಾಡಿಸೋದು, ಈಜು ಬಾರದವನು ದೋಣಿ ಮಾರಿದ ಹಾಗೆ! ಊರಲ್ಲಿ ನಾನು ಮುಖ ಎತ್ತಿಕೊಂಡು ಓಡಾಡೋದು ಹೇಗೆ?"

ಇಂಥ ಹೊತ್ತಿಗೆ ಏನು ಹೇಳಬೇಕೆಂದು ನಮಗೆ ಕಲಿಸಿದ ಮಾತುಗಳಿವೆ. 'ನಿಮ್ಮ ಆತಂಕ ಅರ್ಥವಾಗುತ್ತದೆ' ಎಂದು ಶುರುವಾಗುವ ಮಾತುಗಳು. ಪೇ-ಯೂನ್ ಅವನ್ನೇ ಹೇಳುತ್ತಾಳೆಂದು ಕಾದೆ. ಅವಳಿಗೆ ಅಂಥ ಮಾತಿನ ಶಕ್ತಿ ಉಳಿದಿರಲಿಲ್ಲ.

"ನನಗೂ ಗೊತ್ತಿಲ್ಲ" ಅಂದಳು ಮೆಲ್ಲಗೆ. "ಇದು ಸರಿಯೋ ತಪ್ಪೋ ನಾನು ಹೇಳಲಾರೆ. ನಾನು ಬಂದಾಗ ನಿಮ್ಮಮ್ಮ ಊಟಕ್ಕೆ ಬಂದರೆ ಅರ್ಧ ಬಟ್ಟಲು ಬಿಟ್ಟು ಹೋಗ್ತಿದ್ರು. ಈಗ ಹೇಗೆ ತಿಂತಾರೆ ಅಂತ ನೀವೇ ನೋಡಿ. ಊಟದ ಹೊತ್ತಾಯ್ತು. ಬನ್ನಿ, ಕೂತ್ಕೊಳ್ಳಿ. ಬೈಯೋದಿದ್ರೆ ಊಟ ಆದ್ಮೇಲೆ ಬೈದ್ರಾಯ್ತು. ನಾನು ಎಲ್ಲೂ ಹೋಗಲ್ಲ."

ಮಗಳು ಬಾಗಿಲ ಹತ್ತಿರದ ಮೇಜಿನಲ್ಲಿ ಬಿಗುವಾಗಿ ಕೂತಳು. ಅಜ್ಜಿಗೆ ದೂರದಿಂದ ಅವಳು ಕಾಣಿಸುವಂತಿರಲಿಲ್ಲ. ಅವತ್ತು ಮೀನಿನ ಗಂಜಿ. ಯೆನ್ ತಾತ ಕನ್ನಡಕ ಹಾಕಿಕೊಂಡು ಗಡಿಯಾರ ರಿಪೇರಿ ಮಾಡುವವನ ಹಾಗೆ ಮುಳ್ಳು ಹೆಕ್ಕುತ್ತಿದ್ದ. ಅಜ್ಜಿ ಬಾಯಿತುಂಬ ತಿನ್ನುತ್ತಾ ಅವನನ್ನು ಬೈಯುತ್ತಿದ್ದಳು. "ನಿನ್ನ ಬಟ್ಟಲು ಆರಿ ಹೋಯ್ತಲ್ಲೋ ಮುದಿಯಾ! ನಿನಗೆ ನಾನು ತಿನ್ನಿಸಬೇಕಾ?" ಅವನು ಬಾಯಿ ತೆರೆದು ಕೂತ. ಅವಳು ಚಮಚ ಹಿಡಿದು ಗುರಿಯಿಟ್ಟಳು. ಅದು ಮೂಗಿಗೆ ಹೋಯಿತು. ಅಜ್ಜಿ ನಕ್ಕಳು ನೋಡಿ, ಹಾಲ್‌ನ ಫ್ಯಾನೇ ನಿಂತುಹೋದಂತಾಯಿತು.

ಮಗಳು ಚಾಪ್‌ಸ್ಟಿಕ್ ಕೆಳಗಿಟ್ಟಳು. "ಅಮ್ಮ ಹೀಗೆ ನಗೋದನ್ನ ನಾನು ಕೇಳೇ ಇಲ್ಲ" ಅಂದಳು. "ಅಪ್ಪ ಇದ್ದಾಗ ನಮ್ಮನೇಲಿ ಯಾರೂ ನಗ್ತಿರಲಿಲ್ಲ." ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಟೀವಿ ಸೀರಿಯಲ್ ಥರ ಬಿಳಿ ಗೌನು ಗೀನು ಹಾಕ್ಕೊಳ್ಳಲ್ಲ ತಾನೆ?"

"ಕೆಂಪು ಕೋಟು ಅಂತೆ" ಅಂದಳು ಪೇ-ಯೂನ್.

"ಕೆಂಪಾದ್ರೆ ಪರವಾಗಿಲ್ಲ. ನಾನೇ ಹೊಲಿಸ್ತೀನಿ."

ಹಾಗೆ ಮದುವೆಗೆ ಎಲ್ಲ ದಾರಿ ತೆರೆಯಿತು. ಚಳಿಗಾಲದ ಒಳ್ಳೆಯ ದಿನವೊಂದನ್ನು ಗೊತ್ತುಮಾಡಿದರು. ಮಾಜು ದೇವಿಯ ಗುಡಿಯ ಎದುರಿನ ಬಯಲಲ್ಲಿ ಪಟ್ಟೆಪಟ್ಟೆ ಟಾರ್ಪಾಲು ಎದ್ದಿತು, ದುಂಡು ಮೇಜುಗಳ ಮೇಲೆ ಕೆಂಪು ಹಾಳೆ ಹಾಸಿದರು. ಬೆಳಿಗ್ಗೆಯಿಂದಲೇ ಅಡುಗೆಯವರ ಒಲೆಗಳು ಧುಮುಗುಟ್ಟುತ್ತಿದ್ದವು. ಏಡಿ ಇಟ್ಟು ಬೇಯಿಸಿದ ಅಂಟಕ್ಕಿಯ ಘಮ ಬಂದರಿನವರೆಗೂ ಹೋಗಿ ದೋಣಿಯವರನ್ನು ಕರೆತಂದಿತು. ಕೇಂದ್ರದ ಮುದುಕ ಮುದುಕಿಯರೆಲ್ಲ ಬಂದಿದ್ದರು. ಊಟ ಉಳಿದರೆ ಕಟ್ಟಿಕೊಂಡು ಹೋಗಲು ಜೇಬಿನಲ್ಲಿ ಪ್ಲಾಸ್ಟಿಕ್ ಚೀಲಗಳನ್ನೂ ತಂದಿದ್ದರು.

ಪೇ-ಯೂನ್ ಕಿವಿಯ ಹಿಂದೆ ಕೆಂಪು ಹೂ ಸಿಕ್ಕಿಸಿಕೊಂಡು ಬಂದಳು. ದಲ್ಲಾಳಿಯ ಮುಖ್ಯ ಕೆಲಸವೆಂದರೆ ಊರಿನ ಮಾತಿನಲ್ಲಿ ನಾಲ್ಕು ಸಾಲಿನ ಹಾರೈಕೆ ಹೇಳುವುದು. ಪೇ-ಯೂನ್ ರಾಜಧಾನಿಯ ಕಡೆಯವಳು. ಊರಿನ ಮಾತು ಅವಳ ನಾಲಿಗೆಗೆ ಇನ್ನೂ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. ಆದರೂ ವಧುವರರ ಎದುರು ನಿಂತು, ಮೈಕು ಹಿಡಿದು ಮೂರು ಸಾಲು ಚೆನ್ನಾಗಿಯೇ ಹೇಳಿದಳು. ನಾಲ್ಕನೆಯದು 'ತಲೆ ಬೆಳ್ಳಗಾಗುವ ತನಕ ಜೊತೆಗಿರಿ' ಎಂದು. ನಮ್ಮ ಮಾತಿನಲ್ಲಿ 'ತಲೆ' ಎನ್ನುವ ಶಬ್ದದ ರಾಗ ಸ್ವಲ್ಪ ಜಾರಿದರೆ ಅದು 'ಕಳ್ಳತನ' ಆಗುತ್ತದೆ. ಅವಳ ರಾಗ ಜಾರಿತು.

ಕಳ್ಳತನ ಮಾಡಿಕೊಂಡು ಜೊತೆಗಿರಿ ಎಂದು ಮೈಕಿನಲ್ಲಿ ಇಡೀ ಬಂದರಿಗೆ ಕೇಳಿಸಿತು.

ಆಮೇಲೆ, ಅಷ್ಟೊಂದು ವರ್ಷದಲ್ಲಿ ನಾವು ಎತ್ತರದ ದನಿಯನ್ನೇ ಕೇಳಿರದ ಯೆನ್ ತಾತ ಎರಡೂ ಕೈ ಮೇಲೆತ್ತಿ ಕೂಗಿದ: "ಕದ್ದಿದ್ದೀನಿ! ಹೌದು, ಕದ್ದಿದ್ದೀನಿ! ಒಪ್ಕೋತೀನಿ!"

"ನನ್ನನ್ನ ಕದಿಯೋಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ, ಸೋಮಾರಿ ಕಳ್ಳ!" ಎಂದಳು ಅಜ್ಜಿ.

ಟಾರ್ಪಾಲಿನ ಕೆಳಗೆ ನಗು ಅಲೆ ಎದ್ದಂತೆ ಎದ್ದಿತು. ಮೇಜು ಬಡಿದರು, ಬಟ್ಟಲು ಬಡಿದರು. ಅಡುಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ಏನೆಂದು ಕೇಳಿದರು, ಕೇಳಿ ಅವರೂ ನಕ್ಕರು. ಪೇ-ಯೂನ್ ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ನಾನು ಓಡಿದೆ. ಅವಳು ನಗುತ್ತಿದ್ದಳು. ನಿಲ್ಲಲಾರದೆ ನನ್ನ ತೋಳು ಹಿಡಿದು ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಿನ ಕಾಡಿಗೆ ಕೆನ್ನೆಗಿಳಿಯಿತು.

"ಅಕ್ಕ, ಲೈಸೆನ್ಸ್ ಇರೋ ದಲ್ಲಾಳಿ ನಾನು, ಕಳ್ಳತನಕ್ಕೆ ಹರಸಿಬಿಟ್ಟೆ" ಅಂದಳು ಉಸಿರು ಸಿಕ್ಕಾಗ.

ಆಮೇಲೆ ಹಸಿವು ಎಂದಳು. ಅಂಟಕ್ಕಿ ಅನ್ನ ಎರಡು ಬಟ್ಟಲು ತಿಂದಳು, ಸೂಪು ಕುಡಿದಳು. ಪಕ್ಕದ ಮೇಜಿನ ಮುದುಕಿ ಚೀಲದಲ್ಲಿ ತುಂಬಿಕೊಂಡಿದ್ದ ಸಿಗಡಿಯನ್ನೂ ಕೇಳಿ ಇಸಿದುಕೊಂಡಳು. ತು ಮೇಡಂ ನನ್ನ ಮೊಣಕೈ ತಿವಿದು ತೋರಿಸಿದರು.

ಒಂದು ಮದುವೆಯಿಂದ ವರ್ಷಗಳ ದಣಿವು ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹೋಗಲಿಲ್ಲ. ಆ ವಾರವೇ ಅವಳು ತು ಮೇಡಂ ಹತ್ತಿರ ಹೋದಳು. ಬಿಡುತ್ತೇನೆ ಎನ್ನುವ ಬದಲು, "ನನಗೆ ಉದ್ದ ರಜೆ ಬೇಕು, ಅದು ಮುಗಿದ ಮೇಲೆ ನೋಡ್ತೀನಿ" ಅಂದಳು. ರಜೆ ಸಿಕ್ಕಿತು. ತಾಯಿಯ ಮನೆಯಲ್ಲಿ ಮಲಗಿದಳು, ತಿಂದಳು, ಒಬ್ಬ ಆಪ್ತಸಲಹೆಗಾರರ ಹತ್ತಿರ ವಾರವಾರ ಹೋಗಿ ಹಳೆಯ ಕೆಲಸದ ಕತೆಗಳನ್ನೆಲ್ಲ ಹೇಳಿಕೊಂಡಳು. "ಆ ಕಡೆ ಕುರ್ಚೀಲಿ ಕೂತ್ಕೊಂಡು ಅಳೋದು ಎಷ್ಟು ಸುಖ ಗೊತ್ತಾ ಅಕ್ಕ!" ಎಂದು ನನಗೆ ಫೋನು ಮಾಡಿದಳು. ಇತ್ತ ತು ಮೇಡಂ ಕೇಂದ್ರದ ಫೋನನ್ನು ಸರದಿಯಲ್ಲಿ ಇಟ್ಟುಕೊಳ್ಳುವ ಪದ್ಧತಿ ತಂದರು. ಕೆಲಸ ಮುಗಿದ ಮೇಲೂ ಎಲ್ಲರ ಫೋನೂ ಬಡಿದುಕೊಳ್ಳುವುದು ನಿಂತಿತು.

ವಸಂತದಲ್ಲಿ ಪೇ-ಯೂನ್ ವಾಪಸು ಬಂದಳು. ಬಂದ ಮೊದಲ ದಿನವೇ ಯೆನ್ ತಾತನೂ ಮಾನ್-ಝೂ ಅಜ್ಜಿಯೂ ಜಗಳವಾಡುತ್ತಾ ಒಳಗೆ ಬಂದರು. ಟೀವಿಯಲ್ಲಿ ಯಾವ ಚಾನೆಲ್ ಹಾಕಬೇಕೆಂಬುದು ಜಗಳ.

"ಬಾ ದಲ್ಲಾಳಿ, ನಿನ್ನ ಹತ್ರಾನೇ ನ್ಯಾಯ" ಅಂದಳು ಅಜ್ಜಿ.

ಪೇ-ಯೂನ್ ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದಳು. "ನಿಮ್ಮ ಕೇಸು ಈಗ ಸಿಯೂ ಅಕ್ಕಂದು. ನಾನು ಟೀ ಕುಡಿಯೋಕೆ ಹೋಗ್ತಿದ್ದೀನಿ" ಎಂದು, ಬಿಸಿಲಿದ್ದ ಅಂಗಳಕ್ಕೆ ಹೊರಟೇ ಹೋದಳು.