ಹಲ್ಲಿಲ್ಲದ ರಕ್ತಪಿಶಾಚಿ

ಆ ಭಾನುವಾರ ಹೀರೋ ಬರಲಿಲ್ಲ. ಅವನ ಬದಲು ಅವನ ಫೋನು ಬಂತು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಧಾರಾವಾಹೀಲಿ ಇನ್ಸ್‌ಪೆಕ್ಟರ್ ಪಾರ್ಟು ಸಿಕ್ಕಿದೆ. ನಾಳೆಯಿಂದಾನೇ ಶೂಟಿಂಗು. ಮೀಸೆ ಬೇರೆ ಬಿಡಬೇಕಂತೆ."

"ಮೀಸೆ ಇರೋ ಪಿಶಾಚಿ ಆದ್ರೂ ನಡಿಯುತ್ತೆ. ಇವತ್ತೊಂದು ದಿನ ಬಂದು ಹೋಗು."

"ಆಗಲ್ಲ ಅಕ್ಕ. ಕಾಂಟ್ರ್ಯಾಕ್ಟ್‌ಗೆ ಸೈನ್ ಹಾಕ್ಬಿಟ್ಟಿದೀನಿ."

ಹಲ್ಲಕ್ಕ ಫೋನು ಕೆಳಗಿಟ್ಟಳು. ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಹಲ್ಲಕ್ಕ. ವಾರವಿಡೀ ಮೇಣ ತಿದ್ದಿ, ಪರರ ಬಾಯಿಗೆ ಹಲ್ಲು ಕೂರಿಸುತ್ತಿದ್ದವಳಿಗೆ ರಕ್ತಪಿಶಾಚಿಯ ಸಿನಿಮಾ ಎಂದರೆ ಚಿಕ್ಕಂದಿನಿಂದಲೂ ಪ್ರಾಣ. ಆದರೆ ಎಲ್ಲ ಸಿನಿಮಾದಲ್ಲೂ ಕೋರೆಹಲ್ಲು ನೋಡಿ ಅವಳ ಮೈ ಉರಿಯುತ್ತಿತ್ತು. ತುಟಿ ಮುಚ್ಚಲಾಗದೆ, ಮಾತು ತೊದಲಿ, ಪಿಶಾಚಿ ಹೆದರಿಸುವ ಹೊತ್ತಿಗೆ ಜೊಲ್ಲು ಸುರಿಸುವಂತೆ ಕಾಣುತ್ತಿತ್ತು. "ಸಿನಿಮಾದೋರಿಗೆ ಹಲ್ಲು ಗೊತ್ತಿಲ್ಲ, ನನಗೆ ಸಿನಿಮಾ ಗೊತ್ತಿಲ್ಲ. ಕಲಿಯೋಣ ಬಿಡು," ಎಂದು ಒಂದು ದಿನ ಗಂಡನಿಗೆ ಹೇಳಿದವಳು ಮಾರನೆಯ ವಾರವೇ ಶುರುಮಾಡಿದ್ದಳು.

ತಂಡ ಎಂದರೆ ಇಷ್ಟೇ. ಮದುವೆ ವೀಡಿಯೊ ತೆಗೆಯುವ ಗೆಳತಿ ಕ್ಯಾಮೆರಾ ಹಿಡಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ನೆಲ ಒರೆಸುವ ಕೋಲಿಗೆ ಮೈಕು ಕಟ್ಟಿಕೊಂಡು ನಿಂತ. ಕಚ್ಚಿಸಿಕೊಳ್ಳಲು ಪಕ್ಕದ ಮನೆಯ ನರ್ಸು ಒಪ್ಪಿದಳು. ರಾತ್ರಿ ಯಾರಿಗೂ ಎಚ್ಚರ ಇರುವ ಶಕ್ತಿ ಇರಲಿಲ್ಲವಾದ್ದರಿಂದ ಹಾಡುಹಗಲೇ, ಮನೆಯ ಕಿಟಕಿಗಳಿಗೆ ಹಳೆ ಕೊಡೆಗಳ ಕಪ್ಪು ಬಟ್ಟೆ ಹೊಲಿದು ಹೊದಿಸಿ, ನಡುಮನೆಯಲ್ಲೇ ರಾತ್ರಿ ಮಾಡಿಕೊಂಡಿದ್ದರು. ಅರ್ಧ ಸಿನಿಮಾ ಮುಗಿದಿತ್ತು. ಈಗ ಪಿಶಾಚಿಯೇ ಕೈಕೊಟ್ಟಿತ್ತು.

"ಬಿಟ್ಬಿಡೋಣ ಕಣೆ," ಎಂದಳು ಕ್ಯಾಮೆರಾದವಳು. "ಬೇರೆಯವನನ್ನ ಹಾಕಿದ್ರೆ ಮೊದಲಿಂದ ತೆಗೀಬೇಕು."

"ಬಿಡಲ್ಲ."

"ಮತ್ತೆ ಏನು ಮಾಡ್ತೀಯ?"

"ಗೊತ್ತಿಲ್ಲ. ಬಿಡಲ್ಲ ಅನ್ನೋದೊಂದು ಗೊತ್ತು."

ಆಗಲೇ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಮಾವ ಹೊರಬಂದರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಗಂಟಲು ಸರಿಮಾಡಿಕೊಂಡರೆ ಈಗಲೂ ಎದುರಿಗಿದ್ದವರ ಕೈ ಜೇಬಿಗೆ ಹೋಗುತ್ತಿತ್ತು. ಶೂಟಿಂಗ್ ಇದ್ದಾಗಲೆಲ್ಲ ಪೇಪರ್ ಓದಲು ಬೆಳಕಿಲ್ಲವೆಂದು ಗೊಣಗುತ್ತಿದ್ದವರು ಮನೆ ನಿಶ್ಶಬ್ದವಾಗಿದ್ದು ಕೇಳಿ, ಇವತ್ತು ಈ ಹುಚ್ಚಾಟ ಇಲ್ಲ ಎಂದುಕೊಂಡು, ಹಲ್ಲಿನ ಸೆಟ್ಟು ಹಾಕಿಕೊಳ್ಳದೆಯೇ ನೀರಿಗೆಂದು ಬಂದಿದ್ದರು. ಮೂಲೆಯಲ್ಲಿ ಉರಿಯುತ್ತಿದ್ದ ದೀಪದ ಬೆಳಕು ಅವರ ಮುಖಕ್ಕೆ ಬಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಗದ್ದ ಮೂಗಿನ ಹತ್ತಿರ ಬಂದಿತ್ತು. ಹೆಂಗಸರನ್ನು ಕಂಡವರೇ ಬಾಯಿಗೆ ಅಂಗೈ ಅಡ್ಡ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕ್ಯಾಮೆರಾದವಳು ಮೆಲ್ಲಗೆ ಹಲ್ಲಕ್ಕನ ಕಡೆ ತಿರುಗಿದಳು. ಹಲ್ಲಕ್ಕ ಆಗಲೇ ಎದ್ದು ನಿಂತಿದ್ದಳು.

"ನಮ್ಮ ಪಿಶಾಚಿ ನರ್ಸನ್ನ ಪ್ರೀತಿಸಿದ ಮೇಲೆ ಯಾರನ್ನೂ ಕಚ್ಚಲ್ಲ," ಎಂದಳು. "ಉಪವಾಸ ಬೀಳ್ತಾನೆ. ಮುದುಕ ಆಗ್ತಾನೆ. ಹಲ್ಲೆಲ್ಲ ಉದುರಿಹೋಗುತ್ತೆ. ಆಮೇಲೆ ಒಂದು ದಿನ ಹಲ್ಲಿನ ಸೆಟ್ಟು ಮಾಡೋಳ ಹತ್ರ ಬರ್ತಾನೆ."

"ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನೋ ಹಾಗೆ," ಎಂದ ಗಂಡ, ಕೋಲು ಗೋಡೆಗೆ ಒರಗಿಸುತ್ತ. "ಕಥೆ ಚೆನ್ನಾಗಿದೆ. ಆದ್ರೆ ನಮ್ಮಪ್ಪನ್ನ ಯಾರು ಕೇಳ್ತಾರೆ? ನಾನಂತೂ ಕೇಳಲ್ಲ."

ಹಲ್ಲಕ್ಕನೇ ಕೇಳಿದಳು. ಮಾವ ಕೇಳಿಸಿಕೊಂಡರು, ಎದ್ದರು, ವಾಕಿಂಗಿಗೆ ಹೋದರು. ಆ ವಾರವಿಡೀ ಅವಳ ಜೊತೆ ಮಾತಿಲ್ಲ. ಊಟಕ್ಕೆ ಕೂತಾಗ ಅವರ ಹಲ್ಲಿನ ಸೆಟ್ಟು ಟಕ್ ಟಕ್ ಎನ್ನುವುದಷ್ಟೇ ಕೇಳುತ್ತಿತ್ತು. ಆ ಸೆಟ್ಟು ಅವಳ ಲ್ಯಾಬಿನದಲ್ಲ. ಸೊಸೆಯ ಮುಂದೆ ಬಾಯಿ ತೆರೆಯುವುದೆಂತು ಎಂದು ಊರಾಚೆಯ ಯಾವುದೋ ಕ್ಲಿನಿಕ್ಕಿನಲ್ಲಿ ಮಾಡಿಸಿಕೊಂಡಿದ್ದರು. ಅದು ಸರಿಯಾಗಿ ಕೂತಿಲ್ಲವೆಂದು ಸದ್ದಿನಲ್ಲೇ ಗೊತ್ತಿದ್ದರೂ ಅವಳು ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಇದ್ದಳು.

ಶನಿವಾರ ಸಂಜೆ ಅವಳು ಅವರ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು.

"ಮಾವ, ಒಪ್ಪಬೇಡಿ. ಯಾಕೆ ಅಂತ ಹೇಳಿ ಸಾಕು. ನಾನು ದಿನಾ ನೋಡೋದು ಇದನ್ನೇ. ನನಗೆ ಅದು ಬರೀ ಬಾಯಿ."

ಮಾವ ಕಿಟಕಿಯ ಕಡೆ ತಿರುಗಿದರು. "ಹಲ್ಲು ತೆಗೆಸಿದಾಗ ನಾನಿನ್ನೂ ಡ್ಯೂಟೀಲಿದ್ದೆ," ಎಂದರು. "ಸೆಟ್ಟು ಬರೋಕೆ ತಡ ಇತ್ತು. ಟಿಕೆಟ್ ಇಲ್ಲದೆ ಕೂತಿದ್ದ ಒಬ್ಬನಿಗೆ ದಂಡ ಕಟ್ಟು ಅಂದೆ. ಅದು ಏನೋ ಆಗಿ ಬಂತು ಬಾಯಿಂದ. ಬೋಗಿ ಪೂರ್ತಿ ನಕ್ತು. ಟಿಕೆಟ್ ಇಲ್ಲದೋನೂ ನಕ್ಕ. ಅವತ್ತಿಂದ ನಿಮ್ಮತ್ತೆ ಮುಂದೆ ಕೂಡ ನಾನು ಸೆಟ್ಟು ತೆಗೆದಿಲ್ಲ. ಗೋಡೆ ಕಡೆ ತಿರುಗಿ ಮಲಗ್ತಿದ್ದೆ."

"ಈ ಸಿನಿಮಾದಲ್ಲೂ ನಗಬಹುದು ಮಾವ. ನಗಲ್ಲ ಅಂತ ನಾನು ಸುಳ್ಳು ಹೇಳಲ್ಲ."

"ಮತ್ತೆ ಯಾಕೆ ಮಾಡ್ತೀಯ?"

"ಅರ್ಧ ಮಾಡಿ ಬಿಟ್ಟಿದ್ದು ನಿದ್ದೆ ಕೊಡಲ್ಲ. ನಗೋರು ನಗಲಿ, ಪೂರ್ತಿ ನೋಡಿ ನಗಲಿ."

ಮಾರನೆಯ ದಿನ ಕಿಟಕಿಗೆ ಕಪ್ಪು ಬಟ್ಟೆ ಬಿದ್ದ ಮೇಲೆ, ಮಾವ ಕೋಟು ತೊಟ್ಟು, ತಲೆ ಬಾಚಿಕೊಂಡು ಬಂದು ನಿಂತರು. "ಬೀದಿಯವರು ಯಾರೂ ಒಳಗೆ ಬರಬಾರದು," ಎಂದರು. "ಹೆಣ್ಣುಮಕ್ಕಳನ್ನ ನಾನು ಕಚ್ಚಲ್ಲ."

"ಗಂಡಸರನ್ನ ಕಚ್ತೀರಾ?" ಎಂದ ಮಗ.

"ನಿನ್ನನ್ನ ಕಚ್ಚೋಕೆ ಕಾರಣ ಬೇಕಾದಷ್ಟಿದೆ."

ಪಿಶಾಚಿಯ ಹಲ್ಲು ಮಾಡಲು ಮೊದಲು ಒಸಡಿನ ಅಚ್ಚು ತೆಗೆಯಬೇಕಿತ್ತು. ಅವಳು ಕೈಗವಸು ಹಾಕಿಕೊಂಡು ಹತ್ತಿರ ಹೋದಾಗ ಮಾವ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು. ಒಸಡಿನ ಎಡಭಾಗದಲ್ಲಿ ಸೆಟ್ಟು ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಇಷ್ಟು ನೋವಿಟ್ಟುಕೊಂಡು ಈ ಮನುಷ್ಯ ದಿನಾ ತಟ್ಟೆ ಖಾಲಿ ಮಾಡಿ ಏಳುತ್ತಿದ್ದರಲ್ಲ ಎಂದುಕೊಂಡಳು. ಬಾಯಲ್ಲಿ ಮಾತ್ರ, "ಸ್ವಲ್ಪ ಅಗಲ ತೆಗೀರಿ," ಎಂದಳು. ಆ ಹುಣ್ಣಿಗೆ ತಾಕದಂತೆ ಬಿಟ್ಟು ಬಿಟ್ಟು ತಿದ್ದಿ, ಲ್ಯಾಬಿನ ಯಜಮಾನರ ಒಪ್ಪಿಗೆ ಪಡೆದು ಕೆಲಸದ ನಂತರ ಉಳಿದು, ಕೋರೆಹಲ್ಲಿನ ಪೂರ್ತಿ ಸೆಟ್ಟು ಮಾಡಿದಳು.

ಅದನ್ನು ತೊಟ್ಟ ದಿನ ಸಂಜೆ ಗಂಡ ಅಡುಗೆಮನೆಗೆ ಹೋದವನು ಹೌಹಾರಿ ನಿಂತ. ದೀಪ ಹಾಕದ ಅಡುಗೆಮನೆಯಲ್ಲಿ ಅವನ ಅಪ್ಪ ಕೋರೆಹಲ್ಲಿನಿಂದ ಸೇಬು ಕಚ್ಚುತ್ತಿದ್ದರು.

"ಇದು ಚೆನ್ನಾಗಿ ಕೂತಿದೆ ಕಣೋ," ಎಂದರು ಅಪ್ಪ, ಅಗಿಯುತ್ತ. "ಸೇಬು ಕಚ್ಚಿ ಎಷ್ಟು ಕಾಲ ಆಗಿತ್ತು."

ಮುಖ್ಯ ದೃಶ್ಯದಲ್ಲಿ ಹಲ್ಲಿನ ಸೆಟ್ಟು ಮಾಡುವವಳ ಪಾತ್ರಕ್ಕೆ ಹಲ್ಲಕ್ಕನೇ ನಿಂತಳು. ಮಾವನ ಬಾಯಿಗೆ ಕೈಹಾಕಲು ಬೇರೆ ಯಾರಿಗೂ ಅವರು ಬಿಡುತ್ತಿರಲಿಲ್ಲ. 'ನನಗೆ ನೆತ್ತರು ಬೇಕು' ಎಂದು ಪಿಶಾಚಿಯ ಮಾತು ಅವಳು ಬರೆದುಕೊಟ್ಟಿದ್ದಳು. ಮಾವ ಓದಿ ಮೂಗು ಮುರಿದರು. "ಹೊಸಬರ ಹತ್ರ ಬಂದು ಯಾರಾದ್ರೂ ಹೀಗೆ ಕೇಳ್ತಾರಾ?" ಎಂದು ಸೆಟ್ಟು ತೆಗೆದು ಬಟ್ಟಲಲ್ಲಿಟ್ಟು ಬೆಂಚಿನ ಮೇಲೆ ಕೂತರು. ಕ್ಯಾಮೆರಾ ಓಡತೊಡಗಿತು. ಅವರು ತೊದಲುತ್ತಲೇ, "ಕಚ್ಚೋಕಲ್ಲಮ್ಮ. ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಸಾಕಾಗಿದೆ," ಎಂದರು. ಮುಂದಿನ ಮಾತು ಹಲ್ಲಕ್ಕನದು. ಅವಳಿಗೆ ಅದು ನೆನಪಾಗಲಿಲ್ಲ. ಕೈಗವಸು ತೊಟ್ಟುಕೊಂಡಳಷ್ಟೇ. ಕ್ಯಾಮೆರಾದವಳು ಕಟ್ ಎನ್ನಲೂ ಇಲ್ಲ.

ಸಿನಿಮಾ ಮುಗಿಯಿತು. ಕಳಿಸಿದ ಚಿತ್ರೋತ್ಸವಗಳಿಂದ ಉತ್ತರ ಬರಲಿಲ್ಲ. ಬಂದ ಒಂದರಲ್ಲಿ ಬೇಡವೆಂದಿತ್ತು. ಹಲ್ಲಕ್ಕ ಹಲ್ಲು ಕಚ್ಚಿಕೊಂಡು ಅಲೆದಳು. ಕೊನೆಗೆ ಹಳೆಯ ಟಾಕೀಸೊಂದರ ಮಾಲೀಕ, ಖಾಲಿ ಹೊಡೆಯುತ್ತಿದ್ದ ಭಾನುವಾರದ ಬೆಳಗಿನ ಆಟ ಕೊಟ್ಟ.

ಜನ ತಕ್ಕಮಟ್ಟಿಗೆ ಬಂದರು. ಮೊದಲರ್ಧದಲ್ಲಿ ಯಾರೂ ಹೆದರಲಿಲ್ಲ. ಮಾವನ ಬೋಳು ಬಾಯಿ ಪರದೆಯ ತುಂಬ ತೆರೆದುಕೊಂಡಾಗ ಟಾಕೀಸು ಗೊಳ್ಳೆಂದಿತು. ಹಲ್ಲಕ್ಕ ಪಕ್ಕಕ್ಕೆ ತಿರುಗಲು ಹೆದರಿದಳು. ಮಾವ ಅಲ್ಲೇ ಕೂತಿದ್ದರು, ಎರಡು ಕೈಯೂ ಮಂಡಿಯ ಮೇಲೆ. ಎದ್ದು ಹೋಗಲಿಲ್ಲ. ನಗು ತನ್ನಷ್ಟಕ್ಕೆ ತಾನೇ ಸಣ್ಣಗಾಯಿತು. ಪಿಶಾಚಿ ಬೆಂಚಿನ ಮೇಲೆ ಹಲ್ಲಿಗಾಗಿ ಕಾಯುತ್ತ ಕೂತಾಗ ಮುಂದಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಅದೂ ನಿಜ.

ಹೊರಗೆ ಮಾಲೀಕ ಹೇಳಿದ, "ಇದು ಭಯದ್ದೋ, ನಗೋದೋ, ಅಳೋದೋ ನನಗೆ ಗೊತ್ತಾಗಲಿಲ್ಲಮ್ಮ. ಮುಂದಿನ ಭಾನುವಾರನೂ ಹಾಕೋಣ. ಆದ್ರೆ ಮುದುಕರ ಮಾತು ಅರ್ಧ ಕೇಳಿಸಲ್ಲ. ಅದನ್ನ ಸರಿ ಮಾಡ್ಕೊಂಡು ಬಾ."

ಆ ಮಧ್ಯಾಹ್ನವೇ ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ ಸುರಿದು, ಹೊರಗಿನ ಸದ್ದು ಬಾರದಂತೆ ಒಳಗೆ ಕಂಬಳಿ ಹೊಡೆದು, ಗಂಡ ಮೈಕು ಇಳಿಬಿಟ್ಟ. ಮಾವ ಬೀರುವಿನೊಳಕ್ಕೆ ತಲೆ ತೂರಿಸಿ ಕೂತು ಮಾತು ಹೇಳಿದರು. ಹಲ್ಲಕ್ಕ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳಿದಳು. "ಪರವಾಗಿಲ್ಲ ಮಾವ," ಎಂದಳು.

ಬೀರುವಿನ ಒಳಗಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಪರವಾಗಿಲ್ಲ ಅಂದ್ರೆ ಸರಿ ಇಲ್ಲ ಅಂತ. ಇನ್ನೊಂದ್ಸಲ ಹಾಕು."