ಎಲೆಯಡಿಕೆ ಡಬ್ಬಿಯ ಕಂಪ್ಯೂಟರು

ಪೀಣ್ಯದಲ್ಲಿ ಒಂದು ಶೆಡ್ಡು, ಶೆಡ್ಡಿನೊಳಗೊಂದು ಪ್ರೆಸ್ಸು, ಆ ಪ್ರೆಸ್ಸಿಗೊಂದು ಹಸಿವು. ವಾರವೆಲ್ಲ ಅದು ತಗಡು ತಿನ್ನುತ್ತಿತ್ತು. ಸ್ವಿಚ್ಚು ಪೆಟ್ಟಿಗೆಯ ಮುಚ್ಚಳವೋ, ಬಾಗಿಲಿನ ಕೀಲೋ, ಹೇಳಿದ್ದನ್ನು ಹೇಳಿದ ಹಾಗೆ ಒತ್ತಿ ಉಗುಳುತ್ತಿತ್ತು. ಭಾನುವಾರ ಮಾತ್ರ ಅದಕ್ಕೆ ಹಬ್ಬದೂಟ. ಊರಾಚೆಯ ಗುಡ್ಡದ ಮೇಲೆ ಕೂತು, ಸರದಿಯ ಪ್ರಕಾರ ಮನೆಮನೆಯಿಂದ ಬಂಡಿ ಅನ್ನ ತರಿಸಿಕೊಳ್ಳುವ ರಾಕ್ಷಸನ ಹಾಗೆ, ಭಾನುವಾರ ಅದು ಕಂಪ್ಯೂಟರು ತಿನ್ನುತ್ತಿತ್ತು.

ಉಣಿಸುತ್ತಿದ್ದವನು ಶೆಡ್ಡಿನ ಯಜಮಾನರ ಮಗ ಪರಮಾನಂದ. ರಜೆಯ ದಿನ ಅಪ್ಪ ಬೀಗದಕೈ ಇವನಿಗೆ ಕೊಟ್ಟು ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದರು. ಮಗ ಮಷೀನು ಕಲಿಯುತ್ತಿದ್ದಾನೆ ಅಂತ ಅವರ ಎಣಿಕೆ. ಅವನ ಗೆಳೆಯ ಹರ್ಷವರ್ಧನ್ ಕುಂದಲಹಳ್ಳಿಯಿಂದ ಕಾರಿನಲ್ಲಿ ಬರುತ್ತಿದ್ದ. ಅವನ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಸಾಲುಸಾಲು ಪಿ.ಜಿ. ಕಟ್ಟಡಗಳು ಎದ್ದಿದ್ದವು, ಹಾಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಟ್ಯಾಬ್ಲೆಟ್ಟು ಹುಟ್ಟಿದರೂ ಅದರ ಮೊದಲ ಅಳು ಕೇಳುವವನು ಅವನೇ. ಇವರು ನಡೆಸುತ್ತಿದ್ದ ಚಾನೆಲ್ಲಿನ ಲೈವು, ಕಾಮೆಂಟು, ವೋಟು ಎಲ್ಲ ಮಾಲಾಳ ಪಾಲು. ಕೊನೆಯವಳು ನಿವೇದಿತಾ.

ನಿವೇದಿತಾಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಜಾಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಮನೆ, ಇವೆರಡರ ನಡುವಿನ ಬಸ್ಸು ಮೆಟ್ರೊಗಳಲ್ಲಿ ಕನಸು. ಅಜ್ಜಿ ಕಮಲಮ್ಮ ರಾಣೆಬೆನ್ನೂರಿನಿಂದ ಕಟ್ಟಿಕೊಂಡು ಬಂದ ಕಥೆಗಳಲ್ಲಿ ಪ್ರಾಣ ಯಾವತ್ತೂ ದೊಡ್ಡದರಲ್ಲಿ ಇರುತ್ತಿರಲಿಲ್ಲ. ರಾಕ್ಷಸ ಬೆಟ್ಟದಷ್ಟಿದ್ದರೂ ಅವನ ಜೀವ ಗಿಳಿಯಲ್ಲಿ, ಗಿಳಿ ಪಂಜರದಲ್ಲಿ, ಪಂಜರ ಮರದ ಪೊಟರೆಯಲ್ಲಿ. ಕಂಪ್ಯೂಟರು ಚಿಕ್ಕದಾದಷ್ಟೂ ಅದರಲ್ಲಿ ಜೀವ ಹೆಚ್ಚು ಎಂದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಮೊದಲು ಅದು ನಿಜಕ್ಕೂ ಪ್ರೀತಿಯ ಕೂಟವೇ. ಹೊಸ ಪೆಟ್ಟಿಗೆಯ ಪ್ಲಾಸ್ಟಿಕ್ಕು ಸುಲಿಯುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಅಂಗೈಯಲ್ಲಿ ತೂಗಿ, ಎಷ್ಟು ಗ್ರಾಂ ಅಂತ ಪಂಥ ಕಟ್ಟುತ್ತಿದ್ದರು. ತಿರುಪು ಬಿಚ್ಚಿ, ಒಳಗಿನ ತಾಮ್ರದ ಪಟ್ಟಿ, ಉಗುರಿನಷ್ಟು ಫ್ಯಾನು ಎಲ್ಲವನ್ನೂ ಹಸುಗೂಸಿನ ಬೆರಳು ಎಣಿಸುವ ಹಾಗೆ ಎಣಿಸಿ ಮುಚ್ಚುತ್ತಿದ್ದರು. ಪ್ರೆಸ್ಸಿನ ಕೆಳಗೆ ಹೋಗುತ್ತಿದ್ದುದು ಕೆಟ್ಟು ಸತ್ತವು ಮಾತ್ರ.

ಒಂದು ಭಾನುವಾರ ಹರ್ಷ, ಕೊಂಡು ತಿಂಗಳೂ ಆಗದ ಟ್ಯಾಬ್ಲೆಟ್ಟನ್ನು "ಸ್ಲೋ ಗುರು ಇದು, ಸಾಯ್ಲಿ" ಅಂತ ಹೊತ್ತಿಕೊಂಡಿದ್ದ ಹಾಗೇ ಅಲ್ಲಿಟ್ಟ. ಬ್ಯಾಟರಿ ಒಳಗಿದ್ದರೆ ಬೆಂಕಿ ಹತ್ತುತ್ತದೆಂದು ಅದನ್ನು ಕಿತ್ತು, ವೈರು ಎಳೆದು ಕರೆಂಟು ಕೊಟ್ಟಿದ್ದರು. ಪರದೆಯ ಮೇಲೆ ಯಾವುದೋ ಮಗು ನಗುತ್ತಿತ್ತು. ಮೇಲಿನ ಉಕ್ಕಿನ ಗುಂಡು ಸರ್ರನೆ ಇಳಿದು, ತಾಗಿದ ಮೇಲೆ ನಿಧಾನವಾಗಿ ಅರೆಯಿತು. ಮಗುವಿನ ಮುಖದ ಮೇಲೆ ಮಿಂಚು ಕವಲೊಡೆಯಿತು, ಬಣ್ಣ ಸೋರಿತು, ಗಾಜು ಕಿರುಚಿತು, ಆಮೇಲೆ ಕತ್ತಲೆ. ನೋಡಿದವರು ಲಕ್ಷ ದಾಟಿದರು. ನಿವೇದಿತಾಳೂ ಚಪ್ಪಾಳೆ ತಟ್ಟಿದ್ದಳು. ತಟ್ಟಿದ ಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡಿದ್ದಳು, ಕೆಂಪಗಾಗಿದ್ದವು.

ಅಲ್ಲಿಂದ ಮುಂದೆ ಬದುಕಿದ್ದವಕ್ಕೇ ಬೇಡಿಕೆ. ಪುಸ್ತಕದಷ್ಟಿದ್ದ ಕಂಪ್ಯೂಟರುಗಳು, ಸಾಬೂನಿನಷ್ಟಿದ್ದವು, ಮಡಚುವವು, ಬಿಡಿಸುವವು, ಎಲ್ಲ ಉರಿಯುತ್ತಲೇ ಹೋದವು.

"ನೀನು ಬರೀ ನೋಡೋಕ್ ಬರ್ತೀಯ ಕಣೇ," ಅಂತ ಹರ್ಷ ಒಮ್ಮೆ ಕ್ಯಾಮೆರಾದ ಮುಂದೆಯೇ ಅಂದ. "ಮದುವೆ ಮನೇಲಿ ಮುಯ್ಯಿ ಮಾಡ್ದೆ ಊಟಕ್ಕೆ ಕೂರೋರ ತರ. ನಿನ್ದೂ ಒಂದು ಸಾಮಾನು ತಗೊಂಡ್ ಬಾ, ನೋಡೋಣ."

ಆ ಮಾತು ಅವಳಿಗೆ ಮುಳ್ಳಾಗಿ ಚುಚ್ಚಿತು. ಅವಳ ಹತ್ತಿರ ಒಂದು ಸಾಮಾನಿತ್ತು. ಯಾರಿಗೂ ತೋರಿಸಿರಲಿಲ್ಲ.

ಅಜ್ಜಿಯ ಹಿತ್ತಾಳೆಯ ಎಲೆಯಡಿಕೆ ಡಬ್ಬಿ ಅದು. "ಹಲ್ಲs ಹೋದಮ್ಯಾಗ ನನಗ್ಯಾಕವಾ ಇದು? ನೀನs ಇಟ್ಕೋ. ನಿನ್ನ ತಿರುಪು ಮೊಳಿ ಹಾಕ್ಕೊಳ್ಳಾಕ ಆಗತೈತಿ" ಅಂತ ಕಮಲಮ್ಮ ಕೊಟ್ಟಿದ್ದರು. ನಿವೇದಿತಾ ವರ್ಷವಿಡೀ ಕೂತು ಅದರೊಳಗೊಂದು ಕಂಪ್ಯೂಟರು ಕಟ್ಟಿದ್ದಳು. ಬೆಂಕಿಪೊಟ್ಟಣದಷ್ಟು ಬೋರ್ಡು ತಳದಲ್ಲಿ. ಅಡಿಕೆ, ಲವಂಗ, ಏಲಕ್ಕಿಯ ಖಾನೆಗಳಿದ್ದ ಕಡೆ ಅವಳೇ ಬೆಸುಗೆ ಹಾಕಿದ ಕೀಲಿಗಳು. ಸುಣ್ಣದ ಕಾಯಿ ಕೂರುತ್ತಿದ್ದ ಗುಂಡಿಯಲ್ಲಿ ತಿರುಗಿಸುವ ಹಿಡಿ. ಮುಚ್ಚಳ ತೆರೆದರೆ ಒಳಮೈಯಲ್ಲಿ ಪುಟ್ಟ ಪರದೆ, ಪರದೆಯಲ್ಲಿ ಕುಂಕುಮದ ಬಣ್ಣದ ಕನ್ನಡ ಅಕ್ಷರ. ಎಷ್ಟು ದುಡ್ಡು ಸುರಿದರೂ ಜಗತ್ತಿನಲ್ಲಿ ಇನ್ನೊಂದು ಸಿಗದು. ತನ್ನ ಜೀವ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಅವಳು ಎದೆ ಮುಟ್ಟುತ್ತಿರಲಿಲ್ಲ, ಇದನ್ನು ಮುಟ್ಟುತ್ತಿದ್ದಳು.

ಆ ಭಾನುವಾರ ಅದನ್ನು ದುಪಟ್ಟಾದಲ್ಲಿ ಸುತ್ತಿ ತಂದಳು. ಬಿಚ್ಚಿದಾಗ ಮಾಲಾ ಚೀರಿಯೇಬಿಟ್ಟಳು.

"ಅಯ್ಯೋ ಮುದ್ದು! ಕೊಡೇ ಇಲ್ಲಿ. ಇನ್ನೂ ಏಲಕ್ಕಿ ವಾಸ್ನೆ ಬರ್ತಿದೆ ಕಣೇ!"

"ಆನ್ ಆಗೋಕೆ ಎಷ್ಟೊತ್ತು?" ಪರಮಾನಂದ ಕೇಳಿದ.

"ಒಂದು ಎಲೆ ಮಡಚೋ ಅಷ್ಟೊತ್ತು."

"ನಂಗೆ ಎಲೆ ಮಡಚೋಕ್ ಬರಲ್ಲ ಮಗಾ. ಗುಟ್ಕಾ ಹರಿಯೋ ಅಷ್ಟೊತ್ತು ಅನ್ನು."

ಎಲ್ಲರೂ ನಕ್ಕರು. ಹರ್ಷ ನಗಲಿಲ್ಲ. ಅವನು ಮೂರು ಮಡಿಕೆಯ ಹೊಸ ಟ್ಯಾಬ್ಲೆಟ್ಟು ತಂದಿದ್ದ. ಈ ಊರಿಗೆ ಬಂದ ಮೊದಲನೆಯದು ಅಂತ ದಾರಿಯುದ್ದಕ್ಕೂ ಫೋನು ಮಾಡಿ ಹೇಳಿದ್ದ. ಅದು ಮೇಜಿನ ಮೇಲೆ ಯಾರೂ ಮುಟ್ಟದೆ ಬಿದ್ದಿತ್ತು; ಹೊಸ ಮದುಮಗಳನ್ನು ಬಿಟ್ಟು ಊರೆಲ್ಲ ಅಡುಗೆಯವಳನ್ನು ನೋಡಿದ ಹಾಗೆ. ಅವನ ಕುತ್ತಿಗೆಯ ನರ ಎದ್ದು ನಿಂತಿತ್ತು.

ಲೈವು ಶುರುವಾಯಿತು. ನಿವೇದಿತಾ ಡಬ್ಬಿ ತೆರೆದು ತೋರಿಸಿದಳು. ಕಾಮೆಂಟುಗಳು ಇರುವೆಗಳ ಹಾಗೆ ಸಾಲು ಹತ್ತಿದವು. ಮಾಲಾ ಫೋನಿನಲ್ಲಿ ವೋಟು ಹಾಕಿಸಿದಳು: ಡಬ್ಬಿಯೋ, ಟ್ಯಾಬ್ಲೆಟ್ಟೋ? ನಿವೇದಿತಾಳ ಕಿವಿ ಸಂತೋಷಕ್ಕೆ ಬಿಸಿಯಾಗಿತ್ತು.

"ಎಲ್ರೂ ಡಬ್ಬಿಗೇ ಹಾಕಿದಾರೆ," ಅಂದಳು ಮಾಲಾ.

"ಗೆದ್ದೆ!"

ಮಾಲಾ ತಲೆ ಎತ್ತಲಿಲ್ಲ. "ಗೆದ್ದಿದ್ದಲ್ಲ ಕಣೇ. ಇವತ್ತು ಯಾವ್ದು ಒಡೀಬೇಕು ಅಂತ ಕೇಳಿದ್ದು ನಾನು."

"ಇಷ್ಟ ಆಯ್ತು ಅಂದ್ರಲ್ಲೇ!"

"ಇಷ್ಟ ಆಗಿದ್ದಕ್ಕೇ. ನೋಡಿಲ್ಲಿ, 'ಎಷ್ಟ್ ಮುದ್ದಾಗಿದೆ, ಪ್ಲೀಸ್ ಒಡೀರಿ' ಅಂತ ಬರ್ದಿದಾನೆ ಒಬ್ಬ."

"ಇಲ್ಲ," ಅಂದಳು ನಿವೇದಿತಾ. "ಇದನ್ನ ಕೊಡಲ್ಲ."

ಅವಳ ಮಾತು ಮುಗಿಯುವ ಮೊದಲೇ ಹರ್ಷ ಡಬ್ಬಿ ಕಿತ್ತುಕೊಂಡಾಗಿತ್ತು. "ನಂದು ಎಷ್ಟ್ ಹೋಗಿಲ್ಲ ಇಲ್ಲಿ? ನಿಂದೇನು ದೇವರ ಪೆಟ್ಟಿಗೆನಾ? ತಿಂದೋಳು ಬಡಿಸ್ಲೂಬೇಕು ಕಣಮ್ಮ." ಪ್ರೆಸ್ಸಿನ ಪೀಠದ ಮೇಲೆ ಅದನ್ನು ಕುಕ್ಕಿ, ವೈರು ಸಿಕ್ಕಿಸಿದ. ಡಬ್ಬಿಯೊಳಗೆ ಕೆಂಪು ಅಕ್ಷರ ಹೊತ್ತಿಕೊಂಡವು. "ಪರಮಿ, ಹೋಗಿ ಒತ್ತೋ!"

ನಿವೇದಿತಾ ಧಾವಿಸಿದಳು. ಹರ್ಷ ಅವಳ ಜಡೆ ಹಿಡಿದು ಹಿಂದಕ್ಕೆಳೆದ. ತಲೆ ಬಿಲ್ಲಿನ ಹಾಗೆ ಬಾಗಿ, ಶೆಡ್ಡಿನ ತಗಡಿನ ಚಾವಣಿ ಕಣ್ಣಿಗೆ ಬಂತು. ಅವಳು ಹಿಂದಕ್ಕೆ ಒದ್ದಳು; ಅವನ ಮೊಣಕಾಲಿಗೆ ಬಿತ್ತು. ಅವನು ಅವಳನ್ನು ತಿರುಗಿಸಿ ಕೆನ್ನೆಗೆ ಬಾರಿಸಿದ. ಹಲ್ಲು ತುಟಿಗೆ ನೆಟ್ಟು ಬಾಯಿ ತುಂಬ ಉಪ್ಪಾಯಿತು. ಎರಡನೇ ಏಟಿಗೆ ಅವನ ಕೈ ಬಂದಾಗ ಅವಳು ಮಣಿಕಟ್ಟನ್ನು ಕಚ್ಚಿದಳು. ಕಬ್ಬು ಸಿಗಿಯುವ ಹಾಗೆ ಕಚ್ಚಿ, ತಲೆ ಕೊಡವಿದಳು. ಚರ್ಮ ಹರಿದ ಸದ್ದು ಅವಳ ದವಡೆಗೇ ಕೇಳಿಸಿತು.

"ಲೇ! ಬಿಡೇ, ಬಿಡೇ ಬಿಕನಾಸಿ!" ಅವನು ಅವಳ ಹಣೆಯನ್ನು ಕಬ್ಬಿಣದ ಕಂಬಕ್ಕೆ ಅಪ್ಪಳಿಸಿದ.

"ಸಕ್ಕತ್ತಾಗಿದೆ ಆಕ್ಟಿಂಗು!" ಮಾಲಾ ಫೋನಿನಿಂದ ಕಣ್ಣು ಕೀಳದೆ ಓದಿದಳು. "ಎಲ್ರೂ ಹಾರ್ಟ್ ಕಳಿಸ್ತಿದಾರೆ."

ಪೀಠ ಎಡಕ್ಕೂ ಬಲಕ್ಕೂ ಬಾಯಿ ತೆರೆದುಕೊಂಡಿತ್ತು, ಎದುರಿಗೆ ಕ್ಯಾಮೆರಾ. ಗುಂಡಿಗಳಿದ್ದ ಫಲಕ ದಪ್ಪ ಕಂಬದ ಆಚೆ. ಅಲ್ಲಿ ನಿಂತವನಿಗೆ ಪೀಠ ಕಾಣುವುದಿಲ್ಲ. ಎರಡೂ ಕೈ ಎರಡು ಗುಂಡಿಯ ಮೇಲಿದ್ದರೆ ಮಾತ್ರ ಗುಂಡು ಇಳಿಯಬೇಕು. ಕೈಗಳು ಬೇರೆಲ್ಲೂ ಇರಬಾರದೆಂದೇ ಮಷೀನು ಮಾಡಿದವರು ಹಾಗೆ ಮಾಡಿದ್ದರು. ಆದರೆ ಪರಮಾನಂದನಿಗೆ ತನ್ನ ಟ್ಯಾಬ್ಲೆಟ್ಟು ಹಿಡಿಯಲು ಒಂದು ಕೈ ಬೇಕು. ಒಂದು ಗುಂಡಿಯನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದ. ಪೀಠವನ್ನು ಅವನು ನೋಡುತ್ತಿದ್ದುದು ಟ್ಯಾಬ್ಲೆಟ್ಟಿನ ಲೈವಿನಲ್ಲಿ.

ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದಂತೆ ನಿವೇದಿತಾ ನುಸುಳಿ ಬಲಗಡೆಗೆ ಬಂದಳು, ಡಬ್ಬಿಯ ಮೇಲೆ ಎರಡೂ ಕೈ ಹಾಕಿ ಎಳೆದಳು. ಅದು ಪೀಠದ ಅಂಚಿಗೆ ಬಂದು, ಆಚೆ ಬಂತು. ಅಷ್ಟರಲ್ಲಿ ಹರ್ಷ ಎಡಗಡೆಯಿಂದ ತೋಳು ತೂರಿಸಿ, ಪೀಠದ ಉದ್ದಕ್ಕೂ ಚಾಚಿ, ತೆರೆದ ಮುಚ್ಚಳವನ್ನು ಹಿಡಿದುಕೊಂಡ. ಅವಳು ಇತ್ತ ಎಳೆದಳು, ಅವನು ಅತ್ತ ಎಳೆದ. ನಡುವೆ ಅವನ ಕಚ್ಚಿಸಿಕೊಂಡ ಮಣಿಕಟ್ಟು, ಮೊಣಕೈವರೆಗಿನ ತೋಳು, ಉಕ್ಕಿನ ಗುಂಡಿನ ಕೆಳಗೆ.

"ಬಿಡೇ. ಒಡ್ದೇ ಒಡೀತೀನಿ ಇವತ್ತು. ನಿನ್ ಮುಂದೇನೇ ಒಡೀತೀನಿ."

ಆಗ ಅವಳು ನಿಂತ ಜಾಗದಿಂದ ಕಂಬದ ಪಕ್ಕದ ಸಂದಿಯಲ್ಲಿ ಪರಮಾನಂದ ಕಂಡ. ಅವನ ಗದ್ದಕ್ಕೆ ಟ್ಯಾಬ್ಲೆಟ್ಟಿನ ಬೆಳಕು ಬಿದ್ದಿತ್ತು. ಅವನು ನಗುತ್ತಿದ್ದ. ಅಂಗೈ ಗುಂಡಿಯ ಮೇಲೆ ಏರುತ್ತಿತ್ತು. ಅವನ ಕೈಯ ಪರದೆ ಅವಳಿಗೂ ಓರೆಯಾಗಿ ಕಂಡಿತು. ಅದರಲ್ಲಿ ಪೀಠದ ಮೇಲೆ ಡಬ್ಬಿಯೊಂದೇ ಇತ್ತು. ಹಿಂದೆ ಕಂಬದ ಹತ್ತಿರ ಅವಳ ಜಡೆ ಇನ್ನೂ ಹರ್ಷನ ಮುಷ್ಟಿಯಲ್ಲಿತ್ತು.

ಲೈವ್ ಅನ್ನುವುದು ಹೆಸರಿಗೆ. ಇಲ್ಲಿ ನಡೆದದ್ದು ಎಲ್ಲೆಲ್ಲೋ ಸುತ್ತಿ ಪರದೆಗೆ ಬರುವಷ್ಟರಲ್ಲಿ, ಎಲೆಗೆ ಸುಣ್ಣ ಸವರುವಷ್ಟು ಹೊತ್ತು ಕಳೆದಿರುತ್ತದೆ. ಪರಮಾನಂದ ಆಗಿಹೋದದ್ದನ್ನು ನೋಡಿ ಈಗ ಒತ್ತುತ್ತಿದ್ದ.

ನಿವೇದಿತಾಳಿಗೆ ಅದು ಪೂರ್ತಿ ಅರ್ಥವಾಯಿತು. "ಏ" ಅಂದರೆ ಸಾಕಿತ್ತು. ಅದೂ ಬೇಡ, ಡಬ್ಬಿ ಬಿಟ್ಟರೂ ಸಾಕಿತ್ತು. ಹರ್ಷ ಎಳೆದ ರಭಸಕ್ಕೆ ಡಬ್ಬಿ, ತೋಳು ಎರಡೂ ಆಚೆ ಹೋಗಿಬಿಡುತ್ತಿದ್ದವು.

ಅವಳು ಬಾಯಿಯ ರಕ್ತ ನುಂಗಿದಳು. ಎರಡೂ ಪಾದ ಊರಿ, ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಗುಂಡು ಸರ್ರನೆ ಇಳಿಯಿತು. ತಾಗಿತು. ಆಮೇಲೆ ನಿಧಾನವಾಗಿ ಅರೆಯಿತು.

ಗಾಜಿನ ಸದ್ದಲ್ಲ ಅದು. ಹಸಿ ಸೌದೆ ಮುರಿಯುವ ಸದ್ದು, ಅದರೊಳಗೆ ಒದ್ದೆ ಬಟ್ಟೆ ಹಿಂಡುವ ಸದ್ದು. ಹರ್ಷನ ಬಾಯಿ ತೆರೆದುಕೊಂಡಿತು. ಕೂಗು ಬರಲು ತಡವಾಯಿತು, ಬಂದಾಗ ಅದು ಮನುಷ್ಯನದಾಗಿರಲಿಲ್ಲ. ಅವನ ಬೆರಳುಗಳು ಈ ಬದಿಯಲ್ಲಿ, ಅವಳ ಕಣ್ಣೆದುರಿಗೇ, ಡಬ್ಬಿಯ ಮುಚ್ಚಳದ ಮೇಲೆ ಒಂದೊಂದಾಗಿ ಬಿಡಿಸಿಕೊಂಡವು. ಡಬ್ಬಿ ಇಡಿಯಾಗಿ ಅವಳ ಎದೆಗೆ ಬಂತು. ಕೆಂಪು ಅಕ್ಷರ ಇನ್ನೂ ಉರಿಯುತ್ತಿತ್ತು.

ಪರಮಾನಂದ ಕೂಗು ಕೇಳಿ ಕಲ್ಲಾಗಿದ್ದ. ಅಂಗೈ ಗುಂಡಿಯ ಮೇಲೇ ಅಂಟಿತ್ತು. ಕಣ್ಣು ಇನ್ನೂ ಪರದೆಯ ಮೇಲೆ, ಅಲ್ಲೇನೂ ಆಗಿರಲಿಲ್ಲವಲ್ಲ! ನಿವೇದಿತಾ ಡಬ್ಬಿಯನ್ನು ನೆಲಕ್ಕೆಸೆದು ಕಂಬ ಬಳಸಿ ಓಡಿದಳು, ಅವನ ಎದೆಗೆ ಭುಜ ಕೊಟ್ಟು ಗುದ್ದಿ ಕೆಡವಿದಳು, ಮೇಲೆತ್ತುವ ಹಿಡಿಯನ್ನು ಜೋತುಬಿದ್ದು ಎಳೆದಳು. ಗುಂಡು ಏರಿತು. ಅದರ ತಳಕ್ಕೆ ಏನೋ ಅಂಟಿಕೊಂಡು ಏರಿ, ಹರಿದು ಬಿತ್ತು.

ಹರ್ಷ ಪೀಠದ ಪಕ್ಕ ಕುಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ತೋಳಿಗೆ ತೋಳಿನ ದಪ್ಪವೇ ಇರಲಿಲ್ಲ. ನಿವೇದಿತಾ ಮಂಡಿಯೂರಿ, ದುಪಟ್ಟಾವನ್ನು ಮೊಣಕೈಯ ಮೇಲ್ಗಡೆ ಸುತ್ತಿ, ಹಲ್ಲಿನಿಂದ ಒಂದು ತುದಿ ಕಚ್ಚಿ ಬಿಗಿದಳು. ರಕ್ತ ಅವಳ ಮಡಿಲಿಗೆ ಬಿಸಿಬಿಸಿಯಾಗಿ ಬಿತ್ತು.

"ಅಮ್ಮಾ... ಅಮ್ಮಾ... ಕೈ ಎಲ್ಲಿ, ನನ್ ಕೈ ಎಲ್ಲಿ..."

"ಇದೆ. ಅಲ್ಲಾಡ್ಬೇಡ. ಇದೆ."

ಪರಮಾನಂದನ ಕೈಯಿಂದ ಜಾರಿದ ಟ್ಯಾಬ್ಲೆಟ್ಟು ನೆಲದ ಮೇಲೆ ಅಂಗಾತ ಬಿದ್ದು, ಆಗಿಹೋದದ್ದನ್ನು ಈಗ ತೋರಿಸುತ್ತಿತ್ತು. ಅದರಲ್ಲಿ ಹರ್ಷನ ತೋಳು ಇನ್ನೂ ಇಡಿಯಾಗಿತ್ತು. ಎಡಗಡೆ ಅವನು, ಬಲಗಡೆ ಡಬ್ಬಿ ಹಿಡಿದ ಅವಳು, ನಡುವೆ ಆ ತೋಳು. ಪರದೆಯ ನಿವೇದಿತಾ ತಲೆ ಎತ್ತಿದಳು, ಕಂಬದ ಆಚೆ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಪಾದ ಊರಿಕೊಂಡಳು.

ಮಾಲಾ ತನ್ನ ಫೋನಿನಲ್ಲಿ ಅದನ್ನೇ ನೋಡುತ್ತಿದ್ದಳು. ಗುಂಡು ಇಳಿಯುವುದನ್ನು ಅವಳು ನೋಡಿದ್ದು ಈಗಲೇ.

"ನೀನು ಪರಮಿನ ನೋಡ್ದೆ," ಅಂದಳು. "ಒತ್ತೋದು ನಿಂಗ್ ಕಾಣ್ತಿತ್ತು ಅಲ್ವೇನೇ? ಕಾಣ್ತಿತ್ತು. ಆಮೇಲೆ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ."

ಹರ್ಷ ನರಳುವುದನ್ನು ನಿಲ್ಲಿಸಿ ನಿವೇದಿತಾಳ ಮುಖ ನೋಡಿದ. ಅವನ ಕಣ್ಣು ಅಷ್ಟು ಹತ್ತಿರದಲ್ಲಿತ್ತು. ನಿವೇದಿತಾ ಗಂಟನ್ನು ಸಡಿಲ ಬಿಡಲಿಲ್ಲ.

"ಹೂಂ," ಅಂದಳು. "ಕಾಣ್ತಿತ್ತು. ಮೊದ್ಲು ಆಂಬುಲೆನ್ಸ್‌ಗೆ ಫೋನ್ ಮಾಡು."

ಮಾಲಾ ಅಲುಗಲಿಲ್ಲ. ಪರಮಾನಂದ ಮೂಲೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಕ್ಯಾಮೆರಾದ ಕೆಂಪು ದೀಪ ಆರಿರಲಿಲ್ಲ. ಸ್ವಲ್ಪ ಹೊತ್ತಿಗೆ ನೆಲದ ಮೇಲಿದ್ದ ಟ್ಯಾಬ್ಲೆಟ್ಟಿನಿಂದ, ಸ್ಪಷ್ಟವಾಗಿ, ಅವಳದೇ ದನಿ ಬಂತು.

"ಹೂಂ. ಕಾಣ್ತಿತ್ತು."